ಕಾಫಿಗೆ ರೇಟು ಬಂತು, ಸಕಲೇಶಪುರಕ್ಕೆ ಕೆಲಸ ಬಂತಾ?

ನಾನು ತೋಟಗಳ ಲೆಕ್ಕ ಬರೆಯುವವನು. ಸಕಲೇಶಪುರದಲ್ಲಿ ಒಂದು ಸಣ್ಣ ಕೋಣೆ, ಎರಡು ಕಂಪ್ಯೂಟರು, ಒಂದು ಬೀರು ತುಂಬಾ ಚೆಕ್‌ರೋಲ್ ಪುಸ್ತಕ. ಚೆಕ್‌ರೋಲ್ ಅಂದರೆ ತೋಟದ ಹಾಜರಿ ಪುಸ್ತಕ. ಯಾವ ದಿನ ಯಾರು ಬಂದರು, ಯಾವ ಕೆಲಸಕ್ಕೆ ಹೋದರು, ವಾರದ ಬಟವಾಡೆ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡರು, ಎಲ್ಲವೂ ಅದರಲ್ಲಿರುತ್ತೆ. ನಮ್ಮಪ್ಪ ಎಸ್ಟೇಟ್ ರೈಟರ್ ಆಗಿದ್ದವರು, ಈ ಪುಸ್ತಕ ಓದೋದನ್ನ ಅವರಿಂದಲೇ ಕಲಿತದ್ದು. ಆಲೂರು ಕಡೆ ನಮ್ಮದೂ ಮೂರೂವರೆ ಎಕರೆ ತೋಟ ಇದೆ. ಹಾಗಾಗಿ ನಾನು ಲೆಕ್ಕ ಬರೆಯುವವನೂ ಹೌದು, ಕೂಲಿ ಕೊಡುವವನೂ ಹೌದು.

ಈ ಎರಡು ವರ್ಷದಲ್ಲಿ ಬೆಂಗಳೂರಿನ ಗೆಳೆಯರು ಫೋನ್ ಮಾಡಿದಾಗೆಲ್ಲ ಕೇಳುವುದು ಒಂದೇ ಮಾತು: 'ಏನಪ್ಪಾ, ನಿಮ್ಮ ಕಡೆ ದುಡ್ಡೋ ದುಡ್ಡಂತೆ?' ಸುಳ್ಳೇನಲ್ಲ. 2020ರಲ್ಲಿ 50 ಕಿಲೋ ರೊಬಸ್ಟಾ ಚೆರ್ರಿ ಮೂಟೆಗೆ ಮೂರೂವರೆ ಸಾವಿರ ಸಿಕ್ಕರೆ ಪುಣ್ಯ ಅನ್ನುವ ಹಾಗಿತ್ತು. 2024ರ ಬೇಸಿಗೆಯಲ್ಲಿ ಅದೇ ಮೂಟೆ ಹತ್ತು ಸಾವಿರ ಮುಟ್ಟಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಬ್ರೆಜಿಲ್ ಮತ್ತು ವಿಯೆಟ್ನಾಮಿನಲ್ಲಿ ಬರ ಬಿದ್ದದ್ದು ನಮ್ಮೂರಿನ ಸಾಲ ತೀರಿಸಿತು. ಹೊಸ ಕಾರು ಬಂದವು, ಕಣಗಳಿಗೆ ಸಿಮೆಂಟು ಬಿತ್ತು, ನಿಂತುಹೋಗಿದ್ದ ಮನೆಗಳ ತಾರಸಿ ಮುಗಿಯಿತು. ಆಮೇಲೆ ರೇಟು ಏರಿಳಿದಿದೆ, ಆದರೂ ಹಳೆಯ ಮಟ್ಟಕ್ಕೆ ಹೋಗಿಲ್ಲ.

ಆದರೆ ನನ್ನ ಬೀರುವಿನಲ್ಲಿರುವ ಪುಸ್ತಕಗಳು ಬೇರೆ ಕಥೆ ಹೇಳುತ್ತವೆ. ನಾನು ಲೆಕ್ಕ ನೋಡುವ ನಲವತ್ತು ಎಕರೆಯ ಒಂದು ತೋಟ ತಗೊಳ್ಳಿ. ಜನವರಿಯ ಹಾಳೆಯಲ್ಲಿ ಮೂವತ್ತು, ಮೂವತ್ತೈದು ಹೆಸರು. ಜುಲೈ ಹಾಳೆಯಲ್ಲಿ ಆರೋ ಏಳೋ. ರೇಟು ಮೂರೂವರೆ ಸಾವಿರ ಇದ್ದಾಗಲೂ ಹೀಗೇ ಇತ್ತು, ಹತ್ತು ಸಾವಿರ ಆದಾಗಲೂ ಹೀಗೇ ಇದೆ. ಕೂಲಿ ಏರಿದೆ, ನಿಜ. ಜುಲೈನ ಹೆಸರುಗಳ ಸಂಖ್ಯೆ ಏರಿಲ್ಲ. ಊರು ಬೆಳೆಯಿತೋ ಇಲ್ಲವೋ ಅಂತ ಅಳೆಯಲು ಮೂಟೆಯ ರೇಟಿಗಿಂತ ಈ ಜುಲೈ ಹಾಳೆಯೇ ಸರಿಯಾದ ಅಳತೆ ಅನ್ನೋದು ನನ್ನ ವಾದ.

ನಮ್ಮ ಕಡೆ ಕೆಲಸ ಕೊಡುವವರು ಯಾರು? ಬೇರೆ ಊರಲ್ಲಾದರೆ ಒಂದು ಸಕ್ಕರೆ ಕಾರ್ಖಾನೆ, ಒಂದು ಸಿಮೆಂಟ್ ಫ್ಯಾಕ್ಟರಿ ತೋರಿಸಬಹುದು. ಸಕಲೇಶಪುರದಲ್ಲಿ ಸೈರನ್ ಕೂಗುವ ಗೇಟೇ ಇಲ್ಲ. ಇಲ್ಲಿ ಕೆಲಸ ಕೊಡುವುದು ಸಾವಿರಾರು ಸಣ್ಣ ಬೆಳೆಗಾರರು. ಕಾಫಿ ಮಂಡಳಿಯ ಲೆಕ್ಕದಲ್ಲಿ ದೇಶದ ನೂರು ಬೆಳೆಗಾರರಲ್ಲಿ 98ಕ್ಕೂ ಹೆಚ್ಚು ಜನ 10 ಹೆಕ್ಟೇರಿಗಿಂತ ಕಡಿಮೆ ಇರುವವರು. 'ಎಸ್ಟೇಟು, ಸಾವ್ಕಾರ್ರು, ಜೀಪು, ನಾಯಿ' ಅಂತ ಸಿನಿಮಾದಲ್ಲಿ ನೋಡಿದ್ದು ಆ ಉಳಿದ ಒಂದೆರಡು ಜನರ ಕಥೆ. ಮಿಕ್ಕವರು ಡಿಸೆಂಬರಿನಲ್ಲಿ ತಾವೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೀಳುವವರೇ.

ಇದಕ್ಕೆ ಒಂದು ಅಪವಾದ ಕಾಡುಮನೆ ಕಡೆಯ ಟೀ ತೋಟ. ಟೀ ಗಿಡ ಚಿಗುರುತ್ತಲೇ ಇರುತ್ತೆ, ಕೆಲವು ದಿನಕ್ಕೊಮ್ಮೆ ಕೀಳಲೇಬೇಕು, ಕಿತ್ತ ಎಲೆಯನ್ನ ಅಲ್ಲೇ ಫ್ಯಾಕ್ಟರಿಯಲ್ಲಿ ಬಾಡಿಸಿ ಪುಡಿ ಮಾಡಲೇಬೇಕು. ಎಲೆ ಕಾಯುವುದಿಲ್ಲ. ಹಾಗಾಗಿ ಟೀ ಇರುವಲ್ಲಿ ಲೈನ್ ಮನೆಗಳಲ್ಲಿ ಜನ ಇರ್ತಾರೆ, ಫ್ಯಾಕ್ಟರಿ ಇರುತ್ತೆ. ಕಾಫಿ ಹಾಗಲ್ಲ. ಒಣಗಿಸಿ ಮೂಟೆ ಕಟ್ಟಿದರೆ ಕಾಫಿ ಕಾಯುತ್ತೆ, ಲಾರಿ ಹತ್ತುತ್ತೆ, ಘಟ್ಟ ಇಳಿಯುತ್ತೆ. ಇಟಲಿಯಲ್ಲೋ ಜರ್ಮನಿಯಲ್ಲೋ ಹುರಿಯುವ ತನಕ ಅದಕ್ಕೆ ಅವಸರ ಇಲ್ಲ. ಬೆಳೆದ ಊರಿನಲ್ಲೇ ಕೆಲಸ ಉಳಿಸಬೇಕೆಂಬ ಒತ್ತಡ ಆ ಬೆಳೆಗೇ ಇಲ್ಲ.

ನಮ್ಮ ಕೆಲಸದ ವರ್ಷ ಹೀಗೆ: ನವೆಂಬರಿನಿಂದ ಅರೇಬಿಕಾ ಕೊಯ್ಲು, ಹೊಸ ವರ್ಷದ ಹೊತ್ತಿಗೆ ರೊಬಸ್ಟಾ ಶುರು, ಅದು ಮುಗಿಯುವಷ್ಟರಲ್ಲಿ ಮೆಣಸು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಂದರೆ ಸರಿ, ಬಾರದಿದ್ದರೆ ಸ್ಪ್ರಿಂಕ್ಲರ್. ಆಮೇಲೆ ಮರಗಸಿ, ಗೊಬ್ಬರ, ಕಂಬಚಿಗುರು ತೆಗೆಯುವುದು, ಕಳೆ. ಮುಂಗಾರು ಹಿಡಿಯಿತೋ, ಬೋರ್ಡೋ ಹೊಡೆಯುವವರನ್ನ ಬಿಟ್ಟರೆ ತೋಟ ಖಾಲಿ. ಎಲ್ಲರಿಗೂ ಒಂದೇ ಸಲ ಜನ ಬೇಕು, ಒಂದೇ ಸಲ ಯಾರಿಗೂ ಬೇಡ.

ಹೀಗಾಗಿ ಜನವರಿಯಲ್ಲಿ ಹೋಟೆಲಿನಲ್ಲಿ ಕೂತರೆ ಪಕ್ಕದ ಟೇಬಲಿನಲ್ಲಿ ಬೆಳೆಗಾರರು 'ಜನ ಇಲ್ಲ ಕಣ್ರೀ, ಹಣ್ಣು ಉದುರ್ತಿದೆ' ಅಂತಿರ್ತಾರೆ. ಅದೇ ಹೋಟೆಲಿನಲ್ಲಿ ಜುಲೈನಲ್ಲಿ ಕೂತರೆ ಮೇಸ್ತ್ರಿಗಳು 'ಕೆಲಸ ಇದ್ರೆ ಹೇಳಿ' ಅಂತಿರ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕೆಲಸಕ್ಕೆ ಹೊರಗಿನ ಜನ ಬರುವುದು ಈ ಬೆಟ್ಟಗಳಿಗೆ ಹೊಸತಲ್ಲ. ಮಂಜರಾಬಾದ್ ಅಂತ ಕರೆಯುತ್ತಿದ್ದ ಈ ಸೀಮೆಗೆ 1856ರಲ್ಲಿ ಬಂದು ತೋಟ ಹಾಕಿದ ರಾಬರ್ಟ್ ಎಲಿಯಟ್ 1894ರಲ್ಲಿ ತನ್ನ ಅನುಭವದ ಪುಸ್ತಕವನ್ನೇ ಬರೆದ. ಆ ಕಾಲದಿಂದಲೂ ಘಟ್ಟದ ಕೆಳಗಿನವರು, ಬಯಲುಸೀಮೆಯವರು, ತಮಿಳರು ಮುಂಗಡ ಹಿಡಿದು ಬಂದು ಹೋಗುತ್ತಿದ್ದರು. ಈಗ ಅಸ್ಸಾಮಿನಿಂದ, ಬಂಗಾಳದಿಂದ ಬರ್ತಾರೆ. ಅವರನ್ನ ಕರೆಸಿಕೊಂಡವರೇ ಸಂಜೆ ಅವರ ಆಧಾರ್ ಕಾರ್ಡಿನ ಬಗ್ಗೆ ಗುಮಾನಿಯ ಮಾತಾಡುವುದನ್ನೂ ಕೇಳಿದ್ದೇನೆ. ಅವರಿಲ್ಲದಿದ್ದರೆ ಎಷ್ಟೋ ತೋಟದ ರೊಬಸ್ಟಾ ಗಿಡದಲ್ಲೇ ಒಣಗುತ್ತಿತ್ತು.

ಊರಿನವರು ಯಾಕೆ ಬರೋದಿಲ್ಲ? 'ಸೋಮಾರಿಗಳು, ಅಕ್ಕಿ ಪುಕ್ಕಟೆ ಸಿಗುತ್ತೆ' ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ತೋಟಕ್ಕೆ ಹದಿನೈದು ವರ್ಷ ಬಂದಿದ್ದ ಒಬ್ಬ ಅಕ್ಕ ಹಾಸನದ ಗಾರ್ಮೆಂಟ್ಸಿಗೆ ಹೋಗಲು ಶುರು ಮಾಡಿದಾಗ ಕೇಳಿದೆ: 'ಕೊಯ್ಲಿನಲ್ಲಿ ಅಲ್ಲಿಗಿಂತ ಇಲ್ಲೇ ಜಾಸ್ತಿ ಸಿಗುತ್ತಲ್ಲಕ್ಕಾ?' ಆಕೆ ಹೇಳಿದ್ದು: 'ಸಿಗುತ್ತೆ ಅಣ್ಣಾ. ಆದ್ರೆ ಮಕ್ಕಳ ಫೀಸು ಹನ್ನೆರಡು ತಿಂಗ್ಳೂ ಇರುತ್ತೆ, ನಿಮ್ಮ ಕಾಫಿ ಮೂರು ತಿಂಗ್ಳು ಹಣ್ಣಾಗುತ್ತೆ.' ನಾನು ಸುಮ್ಮನಾದೆ. ಅಲ್ಲಿ ಪಿಎಫ್ ಇದೆ, ಇಎಸ್‌ಐ ಇದೆ, ತಿಂಗಳ ಒಂದು ದಿನಾಂಕಕ್ಕೆ ಬ್ಯಾಂಕಿಗೆ ಸಂಬಳ ಬೀಳುತ್ತೆ.

ಇಲ್ಲಿ ನಮ್ಮ ತಪ್ಪೂ ಇದೆ, ನನ್ನದೂ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆ 1981ರ ತಿದ್ದುಪಡಿಯ ನಂತರ 5 ಹೆಕ್ಟೇರು ಮತ್ತು 15 ಕಾರ್ಮಿಕರು ಇರುವ ತೋಟಗಳಿಗೆ ಅನ್ವಯಿಸಿತು. ಅದರ ಪ್ರಕಾರ ಮನೆ, ವೈದ್ಯಕೀಯ ಸೌಲಭ್ಯ ಎಲ್ಲ ಕೊಡಬೇಕಿತ್ತು. ನಾನೇ ಕೈಯಾರೆ ಬರೆದ ಪುಸ್ತಕಗಳಲ್ಲಿ ಹದಿನಾಲ್ಕು ಅನ್ನುವ ಸಂಖ್ಯೆ ಎಷ್ಟು ಸಲ ಬಂದಿದೆ ಅಂತ ನನಗೇ ಗೊತ್ತು. ಹದಿನೈದನೆಯವನು ಯಾವಾಗಲೂ 'ಟೆಂಪರರಿ'.

ಹಾಗಾದರೆ ಜುಲೈಗೆ ಕೆಲಸ ಎಲ್ಲಿಂದ ತರೋದು? ತೋಟದೊಳಗೆ ಸಿಗೋದಿಲ್ಲ. ಕಾಫಿ ಕಣದಿಂದ ಹೊರಟ ಮೇಲೆ ಅದಕ್ಕೆ ಆಗುವ ಕೆಲಸಗಳಲ್ಲಿ ಇದೆ: ಸಿಪ್ಪೆ ಸುಲಿಯೋದು, ಗ್ರೇಡು ಮಾಡೋದು, ಕೆಟ್ಟ ಬೀಜ ಆರಿಸೋದು, ಹುರಿಯೋದು, ಪುಡಿ ಮಾಡೋದು, ಪ್ಯಾಕ್ ಮಾಡೋದು. ಇವೆಲ್ಲ ಸೂರಿನಡಿ ಮಾಡುವ ಕೆಲಸ, ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಆದರೆ ಅವೆಲ್ಲ ಹೆಚ್ಚಿನಂಶ ನಡೆಯುವುದು ಹಾಸನ, ಚಿಕ್ಕಮಗಳೂರು, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮತ್ತು ಅಲ್ಲಿಂದಾಚೆ.

ಇದಕ್ಕೆ ಮೂರು ಕಾರಣ ನನಗೆ ಕಾಣುತ್ತೆ. ಮೊದಲನೆಯದು ಹಳೆಯ ಅಭ್ಯಾಸ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಕಾಯ್ದೆಯಡಿ, ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಮಂಡಳಿ ಮಾರುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಅದು ಸಡಿಲವಾಗುತ್ತಾ ಬಂದು 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು. ಅಂದರೆ ಎರಡು ತಲೆಮಾರು ನಾವು ಬೆಳೆಯೋದು ಮಾತ್ರ ಕಲಿತೆವು. ಗಿರಾಕಿಯ ಮುಖ ನೋಡಿರಲಿಲ್ಲ. ಪಕ್ಕದ ಮೂಡಿಗೆರೆ ಕಡೆಯ ವಿ.ಜಿ. ಸಿದ್ಧಾರ್ಥ ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ತೆರೆದರು. ಸ್ವಾತಂತ್ರ್ಯ ಸಿಕ್ಕ ತಕ್ಷಣ ಕಪ್ಪಿನ ತನಕ ಹೋದವರು ಅವರೊಬ್ಬರು. ಉಳಿದ ನಾವು ಪೂಲಿನ ಜಾಗಕ್ಕೆ ಒಬ್ಬ ವ್ಯಾಪಾರಿಯನ್ನ ಹುಡುಕಿಕೊಂಡೆವು.

ಎರಡನೆಯದು ತೆರಿಗೆ. ಲೆಕ್ಕ ಬರೆಯುವವನಾಗಿ ನನಗೆ ಇದೇ ದೊಡ್ಡದಾಗಿ ಕಾಣೋದು. ಬೆಳೆಗಾರ ಒಣಗಿಸಿದ ಚೆರ್ರಿಯನ್ನ ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಅದೇ ಬೆಳೆಗಾರ ಕ್ಯೂರಿಂಗ್ ಮಾಡಿಸಿ ಮಾರಿದರೆ, 7ಬಿ ಅಂತ ನಾವು ಕರೆಯುವ ನಿಯಮದ ಪ್ರಕಾರ, ಬಂದ ಆದಾಯದ 25 ಪರ್ಸೆಂಟ್ ವ್ಯಾಪಾರದ ಆದಾಯವಾಗುತ್ತೆ. ಹುರಿದು ಪುಡಿ ಮಾಡಿ ಮಾರಿದರೆ 40 ಪರ್ಸೆಂಟ್. ನೆನಪಿಡಿ, ಪುಡಿ ಮಾಡಿದ್ದರಿಂದ ಸಿಕ್ಕ ಹೆಚ್ಚುವರಿ ಲಾಭದ 40 ಅಲ್ಲ, ಬೆಳೆಯ ಲಾಭವೂ ಸೇರಿದ ಒಟ್ಟು ಆದಾಯದ 40. ನನ್ನ ಹತ್ತಿರ ಬಂದು 'ನಾನೂ ಪುಡಿ ಮಾಡ್ತೀನಿ' ಅಂದ ಎಷ್ಟೋ ಜನ ಈ ಲೆಕ್ಕ ಕೇಳಿದ ಮೇಲೆ 'ಬೇಡ ಬಿಡಿ, ಕಣದಲ್ಲೇ ತೂಕ ಹಾಕೋಣ' ಅಂದಿದ್ದಾರೆ. ಮಂತ್ರಿಗಳು ವೇದಿಕೆ ಮೇಲೆ 'ಮೌಲ್ಯವರ್ಧನೆ ಮಾಡಿ' ಅಂತಾರೆ, ನಿಯಮ ಮಾತ್ರ ಮೆಟ್ಟಿಲು ಹತ್ತಿದಷ್ಟೂ ಜೇಬು ತಡವುತ್ತೆ.

ಮೂರನೆಯದು ಮಳೆ. ಸಕಲೇಶಪುರದ ಜುಲೈನಲ್ಲಿ ಬಟ್ಟೆ ಒಣಗೋದಿಲ್ಲ, ಇನ್ನು ಕಾಫಿ ಬೀಜ? ಕ್ಯೂರಿಂಗ್ ಆದ ಬೀಜದಲ್ಲಿ ತೇವ ಹತ್ತು ಹನ್ನೊಂದು ಪರ್ಸೆಂಟಿನ ಆಸುಪಾಸು ನಿಲ್ಲಬೇಕು. ಒಣ ಹವೆಯ ಊರುಗಳಿಗೆ ಈ ಕೆಲಸ ಹೋದದ್ದರಲ್ಲಿ ಅರ್ಥ ಇದೆ.

ಇದೆಲ್ಲ ಬರೇ ಪುಸ್ತಕದ ಮಾತಲ್ಲ. 2022ರಲ್ಲಿ ನಾನು, ನನ್ನ ಭಾವಮೈದ ಸೇರಿ ಒಂದು ಸಣ್ಣ ಹುರಿಯುವ ಘಟಕ ಹಾಕಿದೆವು. ಐದು ಕಿಲೋ ಹುರಿಯುವ ಮಿಷನ್ನು, ಒಂದು ಗ್ರೈಂಡರು, ಪ್ಯಾಕಿಂಗಿಗೆ ಇಬ್ಬರು ಹೆಣ್ಣುಮಕ್ಕಳು. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ಆಗ 35 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷ ಸಬ್ಸಿಡಿ ಇತ್ತು. ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡೇ ಬರುವಂಥದ್ದು. ನಾವು ಹೋದ ಬ್ಯಾಂಕಿನವರು ಮೂರು ವರ್ಷದ ವಹಿವಾಟು ತೋರಿಸಿ ಅಂದರು. ಶುರುವೇ ಆಗದ ಘಟಕಕ್ಕೆ ಮೂರು ವರ್ಷದ ವಹಿವಾಟು! ಕೊನೆಗೆ ಭಾವಮೈದನ ಹೆಂಡತಿಯ ಒಡವೆ ಅಡ ಇಟ್ಟೆವು.

ಮುಳುಗಿಸಿದ್ದು ಮಾತ್ರ ಬ್ಯಾಂಕಲ್ಲ, ಅದೇ ಬಂಗಾರದಂಥ ರೇಟು. ಲೆಕ್ಕ ನೋಡಿ. 50 ಕಿಲೋ ಚೆರ್ರಿ ಸುಲಿದರೆ 26 ಕಿಲೋ ಬೀಜ ಸಿಗುತ್ತೆ, ಇದಕ್ಕೆ ನಮ್ಮ ಕಡೆ ಔಟ್‌ಟರ್ನ್ ಅಂತೀವಿ. ಹುರಿದಾಗ ಇನ್ನೂ ಆರನೇ ಒಂದು ಭಾಗದಷ್ಟು ತೂಕ ಹೋಗಿ 22 ಕಿಲೋದ ಒಳಗೆ ಪುಡಿ ಉಳಿಯುತ್ತೆ. ಮೂಟೆ 3,500 ಇದ್ದಾಗ ಕಿಲೋ ಪುಡಿಗೆ ಕಚ್ಚಾ ಮಾಲಿನ ಖರ್ಚು 160 ರೂಪಾಯಿ. ಮೂಟೆ 10,000 ಆದಾಗ 450ರ ಮೇಲೆ. ನಮ್ಮಿಂದ ಪುಡಿ ತಗೊಳ್ಳುತ್ತಿದ್ದ ಹೋಟೆಲಿನವರು ಲೋಟದ ಕಾಫಿಗೆ ಒಂದು ರೂಪಾಯಿ ಏರಿಸಲೂ ಹೆದರುವವರು. ಹಳೆಯ ರೇಟಿಗೇ ಕೊಡಿ ಅಂದರು, ಇಲ್ಲಾ ಚಿಕೋರಿ ಜಾಸ್ತಿ ಹಾಕಿ ಅಂದರು. ನಿಯಮದ ಪ್ರಕಾರ ಚಿಕೋರಿ 49 ಪರ್ಸೆಂಟ್ ತನಕ ಹೋಗಬಹುದು. ಆದರೆ ಸಕಲೇಶಪುರದ ಹೆಸರು ಬರೆದುಕೊಂಡು ಚಿಕೋರಿ ಮಾರಲು ಮನಸ್ಸು ಬರಲಿಲ್ಲ. ಜತೆಗೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. 2024ರ ಮಧ್ಯದಲ್ಲಿ ಮುಚ್ಚಿದೆವು.

ಆ ಎರಡು ಮಳೆಗಾಲ ಇಬ್ಬರು ಹೆಣ್ಣುಮಕ್ಕಳ ಹೆಸರು ಜುಲೈ ಹಾಳೆಯಲ್ಲಿತ್ತು. ನನ್ನ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ರೇಟು ಇದ್ದಾಗ 'ಇದೆಲ್ಲ ಯಾಕೆ ಬೇಕು' ಅಂತೀವಿ, ಇಲ್ಲದಾಗ 'ದುಡ್ಡು ಎಲ್ಲಿಂದ ತರೋದು' ಅಂತೀವಿ. ಒಬ್ಬೊಬ್ಬರೇ ಮಾಡಿದರೆ ಹೀಗೇ ಆಗೋದು. ಘಟ್ಟದ ಕೆಳಗಿನವರು ಇದನ್ನ ನಮಗಿಂತ ಮುಂಚೆ ಅರ್ಥ ಮಾಡಿಕೊಂಡರು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಆಮೇಲೆ ಕೋಕೋ ರೇಟು ಬಿದ್ದು ಕೊಳ್ಳುವ ಕಂಪನಿ ಹಿಂದೆ ಸರಿದಾಗ ಸಂಘವೇ ಹಣ್ಣು ಕೊಂಡಿತು, ಕೊಂಡದ್ದನ್ನ ಏನು ಮಾಡೋದು ಅಂತ ಯೋಚಿಸಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಶಿರಾಡಿ ಇಳಿದರೆ ಆ ಕಾರ್ಖಾನೆ ದೂರವೇನಲ್ಲ. ಅಲ್ಲಿ ಮಳೆಗಾಲದಲ್ಲೂ ಶಿಫ್ಟ್ ನಡೆಯುತ್ತೆ. ನಮ್ಮ ಜಿಲ್ಲಾ ಪ್ಲಾಂಟರ್ಸ್ ಸಂಘದ ಕಚೇರಿ ಸಕಲೇಶಪುರದಲ್ಲೇ ಇದೆ. ಆನೆ, ಸಾಲ, ಗೊಬ್ಬರದ ವಿಷಯಕ್ಕೆ ಬೆಳೆಗಾರರ ಸಂಘಟನೆಗಳು ಚೆನ್ನಾಗಿಯೇ ದನಿ ಎತ್ತುತ್ತವೆ. ಆದರೆ ಮನವಿ ಕೊಡುವ ಸಂಘ ಬೇರೆ, ಮಿಷನ್ ಓಡಿಸುವ ಸಂಘ ಬೇರೆ.

ಟೂರಿಸಂ ಇದೆಯಲ್ಲ ಅಂತ ಕೇಳಬಹುದು. ಇದೆ, ಮತ್ತು ಅದನ್ನ ಹಗುರ ಮಾಡುವವನು ನಾನಲ್ಲ. ಹೋಂಸ್ಟೇಗಳು ಅಡುಗೆಯವರಿಗೆ, ಜೀಪಿನ ಹುಡುಗರಿಗೆ, ರೂಮು ಗುಡಿಸುವವರಿಗೆ ಕೆಲಸ ಕೊಟ್ಟಿವೆ. ಮಳೆ ನೋಡಲಿಕ್ಕೇ ಜನ ಬರ್ತಾರೆ, ಹಾಗಾಗಿ ಜುಲೈನ ಗುಂಡಿಯನ್ನ ಒಂಚೂರು ತುಂಬಿದ್ದು ಇದೊಂದೇ. ಆದರೆ ಅದು ಶನಿವಾರ, ಭಾನುವಾರದ ಕೆಲಸ. ಅದೂ ರಸ್ತೆಯ ಮರ್ಜಿಯಲ್ಲಿ. 2018ರಲ್ಲಿ ಕಾಂಕ್ರೀಟ್ ಹಾಕಲು ಶಿರಾಡಿ ಜನವರಿಯಿಂದ ಜುಲೈ ತನಕ ಮುಚ್ಚಿತ್ತು. ದೋಣಿಗಾಲ್ ಹತ್ತಿರ 2022ರಲ್ಲಿ ರಸ್ತೆ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ರಸ್ತೆಗೆ ಬಂತು, ಅದೇ ತಿಂಗಳು ಯಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ನಿಂತಿತು. ಪ್ರತಿ ಸಲ ಸುದ್ದಿಯಲ್ಲಿ ಬರೋದು ಬೆಂಗಳೂರು, ಮಂಗಳೂರು ಪ್ರಯಾಣಿಕರ ಪರದಾಟ. ಆ ವಾರ ಕೆಲಸಕ್ಕೆ ಬರಬೇಡಿ ಅಂತ ಹೇಳಿಸಿಕೊಂಡ ಹೆದ್ದಾರಿ ಬದಿಯ ಹೋಟೆಲ್ ಹುಡುಗರು ಸುದ್ದಿಯಲ್ಲಿ ಇರೋದಿಲ್ಲ.

ಆನೆಯ ವಿಷಯ ದೊಡ್ಡದು, ಇಲ್ಲಿ ಕೆಲಸಕ್ಕೆ ಸಂಬಂಧಿಸಿದಷ್ಟೇ ಹೇಳ್ತೀನಿ. ಹೇಮಾವತಿ ಜಲಾಶಯದಲ್ಲಿ ಮುಳುಗಿದ ಹಳ್ಳಿಗಳವರಿಗೆ ಕಾಡಿನಂಚಿನಲ್ಲಿ ಜಾಗ ಕೊಟ್ಟದ್ದರಿಂದ ಹಿಡಿದು ಇದಕ್ಕೆ ಉದ್ದ ಚರಿತ್ರೆ ಇದೆ. 2014ರಲ್ಲಿ ಆಲೂರು ಸುತ್ತಿನಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಆನೆಗಳು ಮತ್ತೆ ಬಂದವು. 2023ರ ಡಿಸೆಂಬರಿನಲ್ಲಿ ದಸರಾ ಆನೆ ಅರ್ಜುನ ಸತ್ತದ್ದು ಇದೇ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ. ಈಗ ಬೆಳಿಗ್ಗೆ ಮೊಬೈಲಿಗೆ 'ಆನೆ ಇಂಥಾ ತೋಟದಲ್ಲಿದೆ' ಅಂತ ಮೆಸೇಜು ಬಂದರೆ ಕೆಲಸ ಒಂಬತ್ತಕ್ಕೋ ಹತ್ತಕ್ಕೋ ಶುರು, ಇಲ್ಲಾ ಆ ದಿನವೇ ರಜೆ. ಹಾಜರಿ ಕೊಡಬೇಕೋ ಬೇಡವೋ ಅನ್ನುವ ಜಗಳ ವಾರಕ್ಕೊಂದು ನನ್ನ ಟೇಬಲಿಗೆ ಬರುತ್ತೆ. ನಾನು ಅರ್ಧ ಹಾಜರಿ ಬರೀತೀನಿ. ಅದು ಯಾವ ಕಾನೂನಿನಲ್ಲೂ ಇಲ್ಲ.

ಏನು ಮಾಡಬಹುದು ಅಂದರೆ, ನನ್ನ ತಲೆಯಲ್ಲಿರೋದು ದೊಡ್ಡ ಯೋಜನೆಯೇನಲ್ಲ. ದೊಡ್ಡ ಕೈಗಾರಿಕೆ ಇಲ್ಲಿಗೆ ಬರಬೇಕಾಗಿಯೂ ಇಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡಿನಲ್ಲಿ ಸಕಲೇಶಪುರ ತಾಲೂಕಿನ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಿವೆ. ಹೊಗೆ ಉಗುಳುವ ಕಾರ್ಖಾನೆಗೆ ಅಲ್ಲಿ ಜಾಗ ಇಲ್ಲ, ಇರಲೂಬಾರದು. ಆದರೆ ಆಲೂರು ಇದೆಯಲ್ಲ? ಸಕಲೇಶಪುರಕ್ಕಿಂತ ಮಳೆ ಕಡಿಮೆ, ಹಾಸನಕ್ಕೆ ಹತ್ತಿರ, ಪಾಳ್ಯದಲ್ಲಿ ಹೆದ್ದಾರಿ, ತಾಲೂಕಿನೊಳಗೇ ರೈಲು ಹಳಿ. ಬೆಳೆಗಾರರ ಉತ್ಪಾದಕ ಕಂಪನಿಯೊಂದು ಅಲ್ಲಿ ಸುಲಿಯುವ, ಗ್ರೇಡು ಮಾಡುವ, ಮೆಣಸು ಆರಿಸುವ, ಹುರಿಯುವ ಒಂದು ಶೆಡ್ಡು ಹಾಕಿ, ಕೂಲಿ ಲೆಕ್ಕದಲ್ಲಿ ಎಲ್ಲರಿಗೂ ಮಾಡಿಕೊಟ್ಟರೆ ಮಳೆಯ ತಕರಾರು ಅರ್ಧ ಮುಗಿಯುತ್ತೆ. ಬೀಜ ತಿಂಗಳುಗಟ್ಟಲೆ ಕಾಯುತ್ತೆ ಅನ್ನೋದು ಆಗ ನಮಗೆ ಶಾಪವಲ್ಲ, ಅನುಕೂಲ. ಜನವರಿಯಲ್ಲಿ ಕಿತ್ತದ್ದನ್ನ ಜುಲೈನಲ್ಲಿ ಕೆಲಸ ಮಾಡಬಹುದು. ತೆರಿಗೆಯಲ್ಲಿ ಬೇಕಾಗಿರೋದು ಒಂದೇ ತಿದ್ದುಪಡಿ: ಸಣ್ಣ ಬೆಳೆಗಾರ ತಾನೇ ಪುಡಿ ಮಾಡಿ ಮಾರಿದರೆ ಬೆಳೆಯ ಆದಾಯವನ್ನ ಮುಟ್ಟಬೇಡಿ, ಪುಡಿಯಿಂದ ಬಂದ ಲಾಭಕ್ಕೆ ಮಾತ್ರ ತೆರಿಗೆ ಹಾಕಿ.

ಯುರೋಪಿನ ಅರಣ್ಯನಾಶ ವಿರೋಧಿ ನಿಯಮವೂ ಬಾಗಿಲಲ್ಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದದ್ದಲ್ಲ ಅಂತ ತೋರಿಸಲು ಪ್ರತಿ ತೋಟದ ಜಾಗವನ್ನ ನಕ್ಷೆಯಲ್ಲಿ ಗುರುತಿಸಬೇಕು, 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯನ್ನೇ ಎಳೆದು ಕೊಡಬೇಕು. ಜಾರಿಯ ದಿನ ಮುಂದೆ ಹೋಗುತ್ತಲೇ ಇದೆ, ಆದರೂ ಒಂದಲ್ಲ ಒಂದು ದಿನ ಬರುತ್ತೆ. ಈ ಕೆಲಸಕ್ಕೆ ಬೆಂಗಳೂರಿನಿಂದ ಏಜೆನ್ಸಿ ಕರೆಸಬೇಕಾ, ಅಥವಾ ಇಲ್ಲಿನ ಪದವಿ ಕಾಲೇಜಿನಲ್ಲಿ ಓದಿ ಬಸ್ ಹತ್ತಲು ನಿಂತಿರುವ ಹುಡುಗ ಹುಡುಗಿಯರಿಗೆ ಒಂದು ತಿಂಗಳು ಕಲಿಸಬೇಕಾ? ಮೊಬೈಲು ಹಿಡಿದು ತೋಟದ ಬೇಲಿ ಸುತ್ತುವ ಕೆಲಸ ಅದು. ಬೇಲಿ ಎಲ್ಲಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತು.

ನಮ್ಮ ಘಟಕದಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಹಾಸನದ ಬಟ್ಟೆ ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದಳು. ಇನ್ನೂ ಬೆಳಕು ಹರಿದಿರಲಿಲ್ಲ. 'ಆ ಮಿಷನ್ ಮಾರಿಬಿಟ್ರಾ ಅಣ್ಣಾ?' ಅಂದಳು. ಇಲ್ಲಮ್ಮಾ, ಟಾರ್ಪಾಲು ಮುಚ್ಚಿ ಇಟ್ಟಿದ್ದೀನಿ ಅಂದೆ. 'ಶುರು ಮಾಡಿದ್ರೆ ಒಂದು ಫೋನ್ ಮಾಡಿ' ಅಂತ ನಂಬರು ಹೇಳಿ, ಬಸ್ಸು ಬಂತು, ಹತ್ತಿಕೊಂಡಳು.